ವಾಪಸ್ ಹೋದ ಮಿರ್ಚಿ ತಟ್ಟೆ

ಮದುವೆಗೆ ಕರೆಯಲು ಬಂದ ನೆಂಟರ ಮುಂದಿಟ್ಟ ಮಿರ್ಚಿ ತಟ್ಟೆ, ಅವರು ಮುಟ್ಟುವ ಮೊದಲೇ ವಾಪಸ್ ಅಡುಗೆಮನೆಗೆ ಹೋದದ್ದನ್ನು ನೀವು ಎಲ್ಲಾದರೂ ನೋಡಿದ್ದೀರಾ?

ನಾನು ನೋಡಿದೆ. ನಮ್ಮ ಮನೆಯಲ್ಲೇ.

ನಮ್ಮ ಮನೆ ಅಂದರೆ ಗಿಣಿಗೇರಾದಲ್ಲಿರುವ ನನ್ನ ತಮ್ಮ ಬಸವರಾಜನ ಮನೆ. ಅವನು ಅಲ್ಲಿಯ ಕಾರ್ಖಾನೆಯೊಂದರಲ್ಲಿ ಶಿಫ್ಟ್ ಮೇಲೆ ದುಡಿಯುತ್ತಾನೆ. ಅವ್ವ ಅವನ ಜೊತೆಗಿದ್ದಾಳೆ. ನಾನು ಇರುವುದು ಕೊಪ್ಪಳದಲ್ಲಾದರೂ ಭಾನುವಾರದ ಊಟ ಅಲ್ಲಿಯೇ (ನನ್ನ ಕೈಯಡುಗೆ ಉಂಡವರು ಇದಕ್ಕೆ ಕಾರಣ ಕೇಳುವುದಿಲ್ಲ). ಆ ಭಾನುವಾರ ಮಂಗಳೂರಿನಿಂದ ಶಿವಪ್ಪ ಮಾವ ಮತ್ತು ಗಿರಿಜತ್ತೆ ಬಂದಿದ್ದರು. ಮಂಗಳೂರು ಅಂದ ಕೂಡಲೇ ಸಮುದ್ರ, ಮೀನು ಎಂದು ಹೊರಡಬೇಡಿ. ಇದು ಯಲಬುರ್ಗಾ ಕಡೆಯ ನಮ್ಮ ಮಂಗಳೂರು. ಮಾವ ಅವ್ವನ ಚಿಕ್ಕಪ್ಪನ ಮಗ. ಅವರ ಮಗಳ ಮದುವೆ ಕುಷ್ಟಗಿಯಲ್ಲಿ ನಿಶ್ಚಯವಾಗಿತ್ತು. ಕರೆಯಲೆಂದು ಬೆಳಿಗ್ಗೆಯೇ ಬಸ್ಸು ಹತ್ತಿ, ಊರೂರು ಸುತ್ತಿ, ಬಿಸಿಲು ಏರಿದ ಮೇಲೆ ನಮ್ಮಲ್ಲಿಗೆ ಮುಟ್ಟಿದ್ದರು.

ಬಸವರಾಜನ ಹೆಂಡತಿ ರೇಣುಕಾ ಮಂಡಕ್ಕಿ ಒಗ್ಗರಣೆ ಮಾಡಿ, ಬಿಸಿ ಮಿರ್ಚಿ ಬಜ್ಜಿ ಕರಿದಿದ್ದಳು. ಆದರೆ ತಟ್ಟೆ ಹಿಡಿದು ಹೊರಗೆ ಬಂದವಳು ರೇಣುಕಾ ಅಲ್ಲ, ಅವಳ ಮಗಳು ಅಂಕಿತಾ.

ಅಂಕಿತಾಳಿಗೆ ಒಂಬತ್ತು ವರ್ಷ. ಆಟಿಸಂ ಇದೆ. ಮಾತು ಬರುತ್ತದೆ, ಆದರೆ ನಮ್ಮ ನಿಮ್ಮ ಹಾಗೆ ಹರಟೆಗೆ ಬರುವುದಿಲ್ಲ. ಕಣ್ಣಿಗೆ ಕಣ್ಣು ಕೊಟ್ಟು ನೋಡುವುದು ಅವಳಿಗೆ ಕಷ್ಟ. ಕುಕ್ಕರ್ ಕೂಗಿದರೆ ಕಿವಿ ಮುಚ್ಚಿಕೊಂಡು ಕೂತುಬಿಡುತ್ತಾಳೆ. ಗೊತ್ತಾದ ಹೊಸತರಲ್ಲಿ ಅವ್ವ ಹುಲಿಗಿಗೆ ಹೋಗಿ ದೇವಿಗೆ ಉಡಿ ತುಂಬಿ ಬಂದಳು, ಬಸವರಾಜ ಡಾಕ್ಟರನ್ನು ಹುಡುಕಿಕೊಂಡು ಹೋದ. ಎರಡೂ ನಡೆದವು, ಒಂದಕ್ಕೊಂದು ಅಡ್ಡ ಬರಲಿಲ್ಲ.

ಅಡ್ಡ ಬಂದದ್ದು ನೆಂಟರು. ಒಮ್ಮೆ ಯಾರದೋ ಸೀಮಂತದಲ್ಲಿ ಸ್ಪೀಕರ್ ಸದ್ದಿಗೆ ಅಂಕಿತಾ ಚೀರಿ ಅತ್ತಾಗ ಇಡೀ ಓಣಿ ನೋಡಿತು. ಅಂದಿನಿಂದ ಅವ್ವ ಒಂದು ಪದ್ಧತಿ ಮಾಡಿದಳು. ಮನೆಗೆ ಮಂದಿ ಬಂದರೆ ಅಂಕಿತಾ ಒಳಕೋಣೆಗೆ. ಮನೆಯವರು ಮದುವೆ ಮುಂಜಿಗೆ ಹೊರಟರೆ ಅಂಕಿತಾ ಮನೆಯಲ್ಲಿ. ಅಂಕಿತಾ ಮನೆಯಲ್ಲಿ ಅಂದ ಮೇಲೆ ರೇಣುಕಾನೂ ಮನೆಯಲ್ಲಿ. ತನ್ನ ಸ್ವಂತ ಅಣ್ಣನ ಮಗನ ಮದುವೆಗೂ ಅವಳು ಹೋಗಲಿಲ್ಲ. ಅವಳ ಪೆಟ್ಟಿಗೆಯಲ್ಲಿ ರೇಷ್ಮೆ ಸೀರೆಗಳು ಮಡಿಕೆಯಲ್ಲೇ ಸೀಳಿಹೋಗುತ್ತಿವೆ ಎಂದು ಒಮ್ಮೆ ನಗುತ್ತಲೇ ಹೇಳಿದ್ದಳು. ಅವತ್ತು ನನಗೆ ನಗು ಬರಲಿಲ್ಲ.

ಹಾಗಿದ್ದ ಮನೆಯಲ್ಲಿ ಈ ಹುಡುಗಿ ತಟ್ಟೆ ಹಿಡಿದು ಪಡಸಾಲೆಗೆ ಬರುವಂತಾದದ್ದು ಹೇಗೆ? ಒಂದು ಟ್ಯಾಬ್‌ನಿಂದ.

(ಮೊಬೈಲು, ಟ್ಯಾಬು ಮಕ್ಕಳ ಕಣ್ಣು ಕಿತ್ತು ತಿನ್ನುತ್ತವೆ ಎಂದು ಈ ಅಂಕಣದಲ್ಲೇ ಗುಡುಗುವವಳು ಈಗ ಹೀಗೆ ಬರೆಯುತ್ತಿದ್ದಾಳಲ್ಲ ಎನ್ನಬೇಡಿ. ಗುಡುಗು ವಾಪಸ್ ಪಡೆದಿಲ್ಲ. ಸ್ವಲ್ಪ ಪಕ್ಕಕ್ಕೆ ಸರಿಸಿದ್ದೇನೆ.)

ಕೊಪ್ಪಳದ ಒಂದು ಥೆರಪಿ ಸೆಂಟರ್‌ಗೆ ಅಂಕಿತಾ ಹೋಗುತ್ತಾಳೆ. ಅಲ್ಲಿನ ಟೀಚರ್ ಸುಧಾ ಗಂಗಾವತಿ ಕಡೆಯ ಹುಡುಗಿ, ಚುರುಕು. ಅವಳು ಟ್ಯಾಬ್‌ನಲ್ಲಿ ಒಂದು ಆಪ್ ಹಾಕಿಕೊಟ್ಟಿದ್ದಾಳೆ. ಪರದೆಯ ಮೇಲೆ ಒಂದು ಮನೆ, ಬಾಗಿಲು ಬಡಿಯುವ ಸದ್ದು, ಬಂದವರ ಮುಖ. ಈಗ ಏನು ಅನ್ನಬೇಕು? ಮಗು ಆರಿಸಿ ಮುಟ್ಟಬೇಕು, ಇಲ್ಲವೇ ಬಾಯಿಬಿಟ್ಟು ಹೇಳಬೇಕು. ಸರಿಯಾದರೆ ಪರದೆಯ ಮನುಷ್ಯ ನಗುತ್ತಾನೆ, ಮುಂದಿನ ಮಾತಾಡುತ್ತಾನೆ. ತಪ್ಪಿದರೆ ಸಿಟ್ಟಾಗುವುದಿಲ್ಲ, ಮತ್ತೆ ಬಾಗಿಲು ಬಡಿಯುತ್ತಾನೆ.

ಇದರಲ್ಲೇನು ಮಹಾ ಎಂದು ನಾನೂ ಕೇಳಿದ್ದೆ.

"ಮೇಡಂ, ನಿಮ್ಮ ಮುಖ ಒಂದ್ಸಲ ಇದ್ದಂಗ ಇನ್ನೊಂದ್ಸಲ ಇರಂಗಿಲ್ಲ" ಅಂದಳು ಸುಧಾ. "ಇದು ಎಷ್ಟು ಸಲ ನೋಡಿದ್ರೂ ಹಂಗೇ ಇರತೈತ್ರಿ. ಆಕಿಗೆ ಅದ ಧೈರ್ಯ. ಇದ್ರಾಗ ಕಲ್ತ ಮ್ಯಾಲೆ ಮನಿ ಬಾಗಲಾಗ ಖರೇ ಮನಿಷ್ಯಾರ ಜೋಡಿ ಮಾಡಿಸಬೇಕ್ರಿ. ಬರೇ ಟ್ಯಾಬ್ ಕೊಟ್ಟು ಕುಂಡ್ರಿಸಿದ್ರ ಏನೂ ಆಗಂಗಿಲ್ಲ."

ರೇಣುಕಾ ಹಾಗೆಯೇ ಮಾಡಿಸಿದಳು. ಬಸವರಾಜ ಶಿಫ್ಟ್ ಮುಗಿಸಿ ಬಂದರೆ ಸೀದಾ ಒಳಗೆ ಬರುವಂತಿಲ್ಲ. ಬಾಗಿಲು ಬಡಿದು, ನೆಂಟನಾಗಿ ನಿಲ್ಲಬೇಕು. "ನಮಸ್ಕಾರ. ಬನ್ನಿ. ಕುಳಿತುಕೊಳ್ಳಿ" ಎಂದು ಮಗಳು ಅಂದ ಮೇಲೆಯೇ ಅವನಿಗೆ ನೀರು. ಆಪ್‌ನ ಭಾಷೆ ಹಾಗೆ, ಟಿವಿಯಲ್ಲಿ ವಾರ್ತೆ ಓದುವ ಕನ್ನಡ. "ನಮ್ಮ ಮನ್ಯಾಗ ದಿನಾ ನ್ಯೂಸ್ ನೋಡವಾ" ಎಂದು ಅವ್ವ ಮೂಗು ಮುರಿದಳು. ಆದರೆ ಮೊಮ್ಮಗಳು ಬಾಯಿಬಿಟ್ಟಳಲ್ಲ ಎಂಬ ಖುಷಿ ಆ ಮೂಗಿನ ಕೆಳಗೇ ಇತ್ತು.

ಅದಕ್ಕೇ ಆ ಭಾನುವಾರ ಒಳಕೋಣೆಯ ಪದ್ಧತಿಗೆ ರಜೆ ಸಿಕ್ಕಿತು. ರೇಣುಕಾ ಬೇಡಿಕೊಂಡಿದ್ದಳು. "ಒಂದ್ಸಲ ನೋಡೂಣ್ರಿ ಅತ್ತಿ" ಅಂದಿದ್ದಳು. ಅವ್ವ ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ.

ಅಂಕಿತಾ ಬಂದಳು. "ನಮಸ್ಕಾರ" ಅಂದಳು. ಮಾವನ ಹೆಗಲು ನೋಡುತ್ತಾ ತಟ್ಟೆ ಇಟ್ಟಳು. "ತಿಂಡಿ ತೆಗೆದುಕೊಳ್ಳಿ" ಅಂದಳು. ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ರೇಣುಕಾಳ ಮುಖ ನೀವು ನೋಡಬೇಕಿತ್ತು.

ಶಿವಪ್ಪ ಮಾವ ನಮ್ಮ ಸೀಮೆಯ ಮರ್ಯಾದಸ್ತರು ಮಾಡುವುದನ್ನೇ ಮಾಡಿದರು. ಕೈ ಎತ್ತಿ, "ಬ್ಯಾಡವಾ ತಂಗಿ, ಈಗ ಊಟ ಮಾಡೇ ಬಂದೀವಿ" ಅಂದರು.

ಈ ಮಾತಿನ ಅರ್ಥ ನಿಮಗೂ ಗೊತ್ತು, ನನಗೂ ಗೊತ್ತು. ಹೊಟ್ಟೆ ಚುರುಗುಟ್ಟುತ್ತಿದೆ, ಆದರೆ ಇಟ್ಟ ಕೂಡಲೇ ಕೈ ಹಾಕಿದರೆ ಆಸೆಬುರುಕ ಅಂದುಕೊಂಡೀರಿ, ಅದಕ್ಕೇ ಇನ್ನೊಂದು ಸಲ ಹೇಳಿ. ಆಗ ನಾವು "ಅಯ್ಯ, ಹಂಗಂದ್ರ ಹೆಂಗ್ರಿ, ಒಂದರ ತಿನ್ರಿ" ಅನ್ನಬೇಕು. ಅವರು "ಒಲ್ಲೆರಿ" ಅನ್ನಬೇಕು. ನಾವು ತಟ್ಟೆ ಕೈಗೇ ಕೊಡಬೇಕು. ಅವರು ನಮಗಾಗಿ ಎಂಬಂತೆ ತಿನ್ನಬೇಕು. ಇಷ್ಟು ನಾಟಕ ಆಡದೆ ಕೊಪ್ಪಳ ಜಿಲ್ಲೆಯಲ್ಲಿ ಒಂದು ಮಿರ್ಚಿಯೂ ಗಂಟಲಿಳಿಯುವುದಿಲ್ಲ.

ಆಪ್‌ನಲ್ಲಿ ಈ ನಾಟಕ ಇಲ್ಲ. ಅಲ್ಲಿ ಬಂದವರು "ಬೇಡ" ಅಂದರೆ "ಸರಿ" ಅನ್ನಬೇಕು, ಬಿಡಬೇಕು. ಪರದೆಯ ಮುಖ ನಗುತ್ತದೆ.

"ಸರಿ" ಅಂದಳು ಅಂಕಿತಾ. ತಟ್ಟೆ ಎತ್ತಿಕೊಂಡಳು. ಒಳಗೆ ಹೋದಳು.

ಶಿವಪ್ಪ ಮಾವನ ಕೈ ಇನ್ನೂ ಗಾಳಿಯಲ್ಲೇ ಇತ್ತು.

ಅವ್ವ ಧಡಕ್ಕನೆ ಎದ್ದಳು. "ಏ, ತಟ್ಟಿ ಯಾಕ ಒಯ್ದಿ?"

"ಅಜ್ಜ ಬೇಡ ಅಂದರು."

"ಅಂದ್ರ ಒಯ್ದೇ ಬಿಡೂದೇನು? ಮನಿಗೆ ಬಂದ ಮಂದಿ ಮುಂದಿಂದು ಕಸ್ಗೊಂಡು ಹೋಗ್ತಾರೇನು?"

ಅವ್ವನ ದನಿ ಏರಿದ್ದೂ ಒಲೆಯ ಮೇಲಿನ ಕುಕ್ಕರ್ ಕೂಗಿದ್ದೂ ಒಟ್ಟಿಗೇ ಆಯಿತು. ತಟ್ಟೆ ನೆಲಕ್ಕೆ ಬಿತ್ತು. ಅಂಕಿತಾ ಕಿವಿ ಮುಚ್ಚಿಕೊಂಡು ಬಾಗಿಲ ಸಂದಿಯಲ್ಲಿ ಕೂತು, ಹಿಂದೆ ಮುಂದೆ ತೂಗುತ್ತಾ ಚೀರತೊಡಗಿದಳು. ರೇಣುಕಾ ಓಡಿಬಂದು ಪಕ್ಕದಲ್ಲಿ ಕೂತಳು. ಮುಟ್ಟಲಿಲ್ಲ, ಸುಮ್ಮನೆ ಕೂತಳು. ಮುಟ್ಟಿದರೆ ಹೆಚ್ಚಾಗುತ್ತದೆ ಎಂದು ಅವಳಿಗೆ ಗೊತ್ತು. ಅದು ಗೊತ್ತಿಲ್ಲದ ಗಿರಿಜತ್ತೆ "ಪಾಪ" ಅಂದರು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಆದರೂ ಆ ಪಾಪ ಎಂಬ ಮಾತಿಗೆ ರೇಣುಕಾ ತಲೆ ತಗ್ಗಿಸಿದಳು.

ಆಮೇಲೆ ಬೇರೆ ತಟ್ಟೆ ಬಂತು. ಊಟ ಮಾಡಿಯೇ ಬಂದಿದ್ದ ಮಾವ ಅದನ್ನು ಖಾಲಿ ಮಾಡಿ ಇನ್ನೊಂದಕ್ಕೂ ಕೈ ಹಾಕಿದರು. ಕುಂಕುಮ ಹಚ್ಚಿ, ಪತ್ರಿಕೆ ಕೊಟ್ಟು, "ಮನಿ ಮಂದಿ ಎಲ್ಲಾರೂ ಬರಬೇಕು ನೋಡ್ರಿ" ಎಂದು ಎದ್ದರು. ಅವರು ಓಣಿ ದಾಟಿದ ಮೇಲೆ ಅವ್ವ ತೀರ್ಪು ಕೊಟ್ಟಳು.

"ಬಸವರಾಜ, ನಾನೂ ನೀನೂ ಹೋಗಿ ಅಕ್ಕಿಕಾಳು ಹಾಕಿ ಬರೂಣು. ಆಕಿ ಮನ್ಯಾಗಿರಲಿ."

ಆಕಿ ಎಂದರೆ ಅಂಕಿತಾ. ಆಕಿ ಎಂದರೆ ರೇಣುಕಾನೂ ಹೌದು. ರೇಣುಕಾ ನೆಲದ ಮೇಲಿನ ಮಂಡಕ್ಕಿ ಬಳಿಯುತ್ತಿದ್ದಳು.

ನನಗೆ ಸುಮ್ಮನಿರಲು ಬರುವುದಿಲ್ಲ, ಇದು ನಿಮಗೆ ಹೊಸದಲ್ಲ. ಎರಡು ದಿನ ಬಿಟ್ಟು ರೇಣುಕಾಳನ್ನು ಕರೆದುಕೊಂಡು ಸೆಂಟರ್‌ಗೆ ಹೋದೆ. ಆಪ್ ಸರಿ ಮಾಡಿಸಿದರೆ ಎಲ್ಲ ಸರಿಹೋಗುತ್ತದೆ ಎಂಬುದು ನನ್ನ ಲೆಕ್ಕ. ಮನೆಯವರದೇ ಫೋಟೋ, ಮನೆಯವರದೇ ದನಿ ಹಾಕಿ ಹೊಸ ಪಾಠ ಸೇರಿಸಲು ಅದರಲ್ಲಿ ಬರುತ್ತದಂತೆ.

"ಸುಧಾ, ನಮ್ಮ ಕಡೆ ಬ್ಯಾಡ ಅಂದ್ರ ಬ್ಯಾಡ ಅಂತ ಅಲ್ಲ. ಮತ್ತ ಕೇಳಬೇಕು ಅನ್ನೂದನ್ನ ಹಾಕಿಬಿಡು" ಅಂದೆ.

"ಹಾಕೋಣ್ರಿ ಮೇಡಂ. ಎಷ್ಟು ಸಲ ಕೇಳಬೇಕು?"

"ಎರಡು ಸಲ."

"ನೀರಿಗೂ ಎರಡು ಸಲ ಏನ್ರಿ?"

"ನೀರು ಬ್ಯಾಡ ಅಂದ್ರ ಖರೇನೇ ಬ್ಯಾಡ. ಅದಕ್ಕ ಒಂದೇ ಸಲ."

"ಚಾಕ್ಕ?"

"ಚಾಕ್ಕ ಎರಡು. ಆದ್ರ ಶುಗರ್ ಇದ್ದವ್ರಿಗೆ ಒಂದೇ."

"ಅವ್ರಿಗೆ ಶುಗರ್ ಐತಿ ಅಂತ ಆಕಿಗೆ ಹೆಂಗ ಗೊತ್ತಾಗಬೇಕ್ರಿ?"

ನಾನು ಯೋಚಿಸಿದೆ. ಸುಧಾ ಬಿಡಲಿಲ್ಲ. ಪಕ್ಕದ ಮನೆಯವರು ಬಂದರೆ? ಅವರಿಗೆ ಅಷ್ಟು ಉಪಚಾರ ಬೇಡ. ಬೀಗರಾದರೆ? ಬೀಗರಿಗೆ ಲೆಕ್ಕವೇ ಇಲ್ಲ, ಅವರು ತಿನ್ನುವವರೆಗೂ. ಉಪವಾಸ ಇದ್ದವರಿಗೆ? ಸಿಟ್ಟಿನಲ್ಲಿ ಬಂದವರಿಗೆ? ನಿಜವಾಗಿಯೂ ಊಟ ಮಾಡಿ ಬಂದವರಿಗೆ? ಐವತ್ತು ದಾಟಿದ ನಾನು, ಜೀವಮಾನವಿಡೀ ಈ ಆಟ ಆಡಿಕೊಂಡು ಬಂದವಳು, ಅದರ ಒಂದೇ ಒಂದು ನಿಯಮವನ್ನು ನೆಟ್ಟಗೆ ಹೇಳಲಾರದೆ ಕೂತೆ. ನಮಗೇ ಹೇಳಲು ಬಾರದ್ದು ಮಗುವಿಗೆ ಯಾಕೆ ಬರಲಿಲ್ಲ ಎಂದು ನಾವು ಮನೆಯಲ್ಲಿ ಗದ್ದಲ ಎಬ್ಬಿಸಿದ್ದೆವು!

ಆಗ ರೇಣುಕಾ ಬಾಯಿಬಿಟ್ಟಳು.

"ಅಕ್ಕಾರ, ಅದನ್ನ ಬದಲ ಮಾಡಿಸೂದು ಬ್ಯಾಡ್ರಿ."

"ಯಾಕ?"

"ಆಕಿ ಹೆಣ್ಣ ಹುಡುಗಿ. ಬ್ಯಾಡ ಅಂದವ್ರಿಗೆ ಮತ್ತ ಮತ್ತ ಒತ್ತಾಯ ಮಾಡೂದೇ ಮರ್ಯಾದಿ ಅಂತ ಇವತ್ತು ಕಲಿಸಿಬಿಟ್ರ, ನಾಳೆ ಆಕಿ ಬ್ಯಾಡ ಅಂದಾಗ ಯಾರರ ಒತ್ತಾಯ ಮಾಡಿದ್ರ ಅದನ್ನೂ ಮರ್ಯಾದಿ ಅಂತ ತಿಳ್ಕೊಂತಾಳ್ರಿ. ಎರಡನ್ನೂ ಬ್ಯಾರೆ ಬ್ಯಾರೆ ಮಾಡಿ ಆಕಿಗೆ ಹೆಂಗ ಹೇಳ್ಲಿ ನಾ?"

ಮಂದಿ ಅಂಕಿತಾಳ ಗಲ್ಲ ಹಿಂಡುತ್ತಾರೆ. ಎತ್ತಿಕೊಳ್ಳುತ್ತಾರೆ. "ಬೇಡ" ಎಂದು ಅವಳು ಕೈ ಕೊಡವಿದರೆ "ನಾಚಿಕಿ ನೋಡು" ಎಂದು ನಗುತ್ತಾರೆ. ಅದನ್ನೆಲ್ಲ ರೇಣುಕಾ ನೋಡುತ್ತಾ ಬಂದಿದ್ದಾಳೆ. ನಾನೂ ಅಲ್ಲೇ ಇದ್ದೆ, ನೋಡಿರಲಿಲ್ಲ.

"ಮಂದಿಗೆ ಮಿರ್ಚಿ ಸಿಗದಿದ್ರ ಸಿಗದಿರಲಿ" ಅಂದಳು ರೇಣುಕಾ. "ಬ್ಯಾಡ ಅಂದ್ರ ಬ್ಯಾಡ ಅನ್ನೂದು ಆಕಿಗೆ ಗಟ್ಟಿ ಇರಲಿ."

ಸುಧಾ ಟ್ಯಾಬ್ ಒರೆಸತೊಡಗಿದಳು. ಮಗುವಿಗೆ ಏನು ಕಲಿಸಬೇಕು ಎಂದು ನಾವೆಲ್ಲ ತಲೆ ಕೆಡಿಸಿಕೊಳ್ಳುತ್ತೇವೆ. ಕಲಿತ ಮೇಲೆ ಅವಳು ಎಂಥ ಮಂದಿಯ ನಡುವೆ ಓಡಾಡಬೇಕು ಎಂದು ಅವಳ ತಾಯಿಯೊಬ್ಬಳೇ ಯೋಚಿಸಿದ್ದಳು.

ಕೊನೆಗೆ ಸುಧಾ ಬೇರೆಯೇ ಪಾಠ ಮಾಡಿದಳು. ಮದುವೆಯ ಪಾಠ. ಕುಷ್ಟಗಿಯ ಕಲ್ಯಾಣಮಂಟಪದ ಫೋಟೋಗಳನ್ನು ಶಿವಪ್ಪ ಮಾವನಿಂದಲೇ ವಾಟ್ಸಾಪ್‌ನಲ್ಲಿ ತರಿಸಿದೆವು (ಯಾಕೆ ಎಂದು ಅವರು ಕೇಳಲಿಲ್ಲ, ದೊಡ್ಡ ಮನುಷ್ಯ). ಬಾಗಿಲು, ಜನ, ಬ್ಯಾಂಡಿನ ಸದ್ದು, ಸದ್ದು ತಡೆಯದಾದರೆ ಹೊರಗೆ ಹೋಗಬೇಕೆಂದು ಹೇಳುವುದು, ಊಟದ ಪಂಕ್ತಿ. ಪಂಕ್ತಿಯಲ್ಲಿ ಬಡಿಸುವವರ ದನಿ ಬೇಕಿತ್ತು. ಅಂಕಿತಾಳಿಗೆ ದಿನವೂ ಬಡಿಸುವ ದನಿ ಯಾರದು? ಅವ್ವನದು.

ಅವ್ವನನ್ನು ಒಪ್ಪಿಸುವ ಕೆಲಸ ನನಗೆ ಬಂತು. "ನಿನ್ನ ಫೋಟೋ ಬರತೈತಿ" ಅಂದೆ. ತಲೆ ಬಾಚಿಕೊಂಡು, ಸೆರಗು ಸರಿ ಮಾಡಿಕೊಂಡು ಕೂತಳು.

ಅವಳು ಹೇಳಬೇಕಾದದ್ದು ಎರಡೇ ಮಾತು. ಮೊದಲನೆಯದು, "ಹುಗ್ಗಿ ಹಾಕ್ಲೇನವಾ?" ಅದನ್ನು ಚೆನ್ನಾಗಿಯೇ ಹೇಳಿದಳು. ಅಂಕಿತಾ ಪರದೆಯ ಮೇಲೆ "ಬೇಡ" ಎಂಬುದನ್ನು ಮುಟ್ಟಿದರೆ ಬರಬೇಕಾದ ಎರಡನೆಯದು, "ಆತವಾ, ಬಿಡು."

ಇದನ್ನು ಹೇಳಲು ಅವ್ವನಿಗೆ ಬರಲೇ ಇಲ್ಲ.

"ಆತವಾ, ಬಿಡು. ಒಂದೀಟು ಹಾಕ್ತೀನಿ ತಡಿ" ಅಂದಳು. ಮತ್ತೆ ರೆಕಾರ್ಡ್ ಮಾಡಿದೆವು. "ಆತವಾ. ಇರಲಿ ತಗೋ, ತುಪ್ಪ ಹಾಕೀನಿ." ಮತ್ತೆ ಮಾಡಿದೆವು. "ಯಾಕ, ಹೊಟ್ಟಿ ನೋಯಾಕ ಹತ್ತೇತೇನು?" ರೇಣುಕಾ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದಳು.

"ಅವ್ವಾ, ಬಿಡು ಅಂದು ಬಾಯಿ ಮುಚ್ಚಬೇಕು" ಅಂದೆ.

"ಅಷ್ಟಕ್ಕ ಬಿಟ್ರ ನಾ ಏನ್ ಬಡಿಸಿದಂಗಾತು? ನನ್ನ ಕೈಯಾಗ ಉಂಡವ್ರು ಹಸದು ಎದ್ದಾರೇನು?"

ಅವಳಿಗೆ ನಿಜವಾಗಿಯೂ ನೋವಾಗಿತ್ತು. ಬಡಿಸುವುದು ಬಿಟ್ಟು ಪ್ರೀತಿ ತೋರಿಸುವ ಬೇರೆ ದಾರಿ ಅವಳಿಗೆ ಯಾರು ಕಲಿಸಿದ್ದಾರೆ? ಆದರೂ ಅಂತೂ ಇಂತೂ ಒಮ್ಮೆ "ಆತವಾ, ಬಿಡು" ಅಂದು ಬಾಯಿ ಬಿಗಿಹಿಡಿದಳು. ಫೋಟೋದಲ್ಲಿ ಆ ಬಿಗಿ ಹಾಗೇ ಬಂದಿದೆ.

ಅಂಕಿತಾಳಿಗೆ ಆ ಪಾಠ ಹಿಡಿಸಿಬಿಟ್ಟಿತು. ಮತ್ತೆ ಮತ್ತೆ ಹಚ್ಚಿದಳು. "ಹುಗ್ಗಿ ಹಾಕ್ಲೇನವಾ?" ಬೇಡ. "ಆತವಾ, ಬಿಡು." ಇಡೀ ಸಂಜೆ ಅದೇ. ಆಮೇಲೆ ಟ್ಯಾಬ್ ಎತ್ತಿಕೊಂಡು ಹೋಗಿ ಅವ್ವನ ಪಕ್ಕದಲ್ಲಿ ಕೂತಳು. ಯಾರಿಗೂ ತಾಗದೆ ಕೂರುವ ಹುಡುಗಿ ಅಜ್ಜಿಯ ತೋಳಿಗೆ ಒರಗಿ ಕೂತು, ಅಜ್ಜಿಯ ಫೋಟೋವನ್ನೇ ಮುಟ್ಟುತ್ತಿದ್ದಳು. ಅವ್ವ ಅಲುಗಾಡಲಿಲ್ಲ. ಮಜ್ಜಿಗೆ ಕಡೆಯುವುದಿದೆ ಎಂದು ಏಳಲಿಲ್ಲ.

ಬಹಳ ಹೊತ್ತಿನ ಮೇಲೆ ರೇಣುಕಾಳ ಕಡೆ ನೋಡದೆ ಹೇಳಿದಳು, "ಕುಷ್ಟಗಿಗೆ ಮುಂಜಾನಿ ಮೊದಲನೇ ಬಸ್ಸಿಗೆ ಹೋದ್ರ ಗದ್ದಲ ಇರಂಗಿಲ್ಲ. ನಿನ್ನ ಹಸರು ರೇಷ್ಮಿ ಸೀರಿ ತಗದಿಡು."

ಮೊನ್ನೆ ಮದುವೆಗೆ ಹೋದೆವು. ಎಲ್ಲರೂ.

ಎಲ್ಲವೂ ಸಲೀಸಾಯಿತು ಎಂದರೆ ಸುಳ್ಳಾಗುತ್ತದೆ. ಬ್ಯಾಂಡ್ ಶುರುವಾದಾಗ ಅಂಕಿತಾ ಕಿವಿಗೆ ಹೆಡ್‌ಫೋನ್ ಹಾಕಿಕೊಂಡರೂ ತಡೆಯಲಿಲ್ಲ. "ಹೊರಗೆ ಹೋಗಬೇಕು" ಅಂದಳು. ಅಂದಳಲ್ಲ, ಅದೇ ದೊಡ್ಡದು. ವಧುವರರಿಗೆ ಅಕ್ಕಿಕಾಳು ಹಾಕುವ ಹೊತ್ತಿಗೆ ತಾಯಿ ಮಗಳು ಹೊರಗೆ ಬೇವಿನ ಮರದ ಕೆಳಗಿದ್ದರು. ಯಾರೋ ಗುಸುಗುಸು ಅಂದರು, ಯಾರೋ ಮತ್ತೆ "ಪಾಪ" ಅಂದರು. ಹಸಿರು ಸೀರೆಯ ರೇಣುಕಾ ಈ ಸಲ ತಲೆ ತಗ್ಗಿಸಲಿಲ್ಲ.

ಬ್ಯಾಂಡ್ ನಿಂತ ಮೇಲೆ ಊಟಕ್ಕೆ ಕೂತೆವು. ಅಂಕಿತಾ, ಅವಳ ಒಂದು ಪಕ್ಕಕ್ಕೆ ರೇಣುಕಾ, ಇನ್ನೊಂದು ಪಕ್ಕಕ್ಕೆ ಅವ್ವ, ಅವ್ವನ ಪಕ್ಕ ನಾನು. ರೊಟ್ಟಿ, ಬದನೆಕಾಯಿ ಪಲ್ಯ, ಗೋಧಿ ಹುಗ್ಗಿ. ಹುಗ್ಗಿಯ ಎರಡನೇ ಸುತ್ತು ಬಂತು. ಬಡಿಸುತ್ತಿದ್ದವರು ಬೀಗರ ಕಡೆಯ ಒಬ್ಬ ಗಟ್ಟಿ ಆಸಾಮಿ, ಒತ್ತಾಯ ಮಾಡುವುದರಲ್ಲಿ ಹೆಸರು ಮಾಡಿದವರಂತೆ ಕಾಣುತ್ತಿದ್ದರು.

"ಬೇಡ" ಅಂದಳು ಅಂಕಿತಾ.

"ಮದಿವಿ ಮನ್ಯಾಗ ಬ್ಯಾಡ ಅನಬಾರದು ತಂಗಿ" ಎಂದು ನಗುತ್ತಾ ಅವರು ಸವುಟು ಇಳಿಸಿದರು. ಅಂಕಿತಾ ಎರಡೂ ಕೈಗಳನ್ನು ಎಲೆಯ ಮೇಲೆ ಒತ್ತಿಹಿಡಿದಳು. ಸವುಟಿನಲ್ಲಿ ಹೊಗೆಯಾಡುವ ಹುಗ್ಗಿ. ಅವಳ ಉಸಿರು ಜೋರಾಯಿತು. ರೇಣುಕಾ ಕೈ ಚಾಚುವಷ್ಟರಲ್ಲಿ ಅವ್ವನ ದನಿ ಕೇಳಿತು.

"ಏ ಯಪ್ಪಾ! ಬ್ಯಾಡ ಅಂದಾಳಲ್ಲ? ಕಿವಿ ಕೇಳಸೂದಿಲ್ಲೇನು? ಬಿಡು!"

ಇಡೀ ಪಂಕ್ತಿ ತಿರುಗಿ ನೋಡಿತು. ಬಡಿಸುವವರು ಸವುಟು ಹಿಂದಕ್ಕೆ ತೆಗೆದುಕೊಂಡರು. ಅಂಕಿತಾ ನಿಧಾನವಾಗಿ ಕೈ ಎತ್ತಿ, ಎಲೆ ನೋಡುತ್ತಾ, "ಧನ್ಯವಾದ" ಅಂದಳು. ವಾರ್ತೆ ಓದುವ ಕನ್ನಡದಲ್ಲಿಯೇ.

ಅವಳಾಚೆಯಿಂದ ರೇಣುಕಾ ಅಂದಳು, "ನನಗ ಹಾಕ್ರಿ. ಎರಡು ಸವುಟು ಹಾಕ್ರಿ."

ಸೊಸೆ ಅತ್ತೆಯ ಪಂಕ್ತಿಯಲ್ಲಿ ಕೂತು, ಯಾರೂ ಒತ್ತಾಯ ಮಾಡದೆ, ತಾನಾಗಿ ಕೇಳಿ ಹಾಕಿಸಿಕೊಂಡದ್ದನ್ನು ನಾನಂತೂ ಮೊದಲು ಕಂಡಿರಲಿಲ್ಲ.

ಆಮೇಲೆ ಬಕೆಟ್ ನನ್ನ ಎಲೆಯ ಮುಂದೆ ಬಂದು ನಿಂತಿತು. ತುಪ್ಪ ಮೇಲೆ ತೇಲುತ್ತಿತ್ತು. ಮೊದಲ ಸುತ್ತಿನಿಂದಲೂ ನನ್ನ ಕಣ್ಣು ಅದರ ಮೇಲೆಯೇ ಇತ್ತು.

"ನಿಮಗ್ರಿ?" ಅಂದರು ಅವರು.

"ಬ್ಯಾಡ್ರಿ, ಸಾಕಾತು" ಅಂದೆ, ಎಲೆಗೆ ಅರ್ಧವೇ ಕೈ ಅಡ್ಡ ಹಿಡಿದು.

ಅವರು ಒಮ್ಮೆ ಅವ್ವನ ಮುಖ ನೋಡಿದರು. ಬಕೆಟ್ ಎತ್ತಿಕೊಂಡು ಮುಂದಿನ ಎಲೆಗೆ ಹೋಗಿಯೇಬಿಟ್ಟರು.

ಬೇಕಾದಾಗ ಬೇಕು ಅನ್ನುವುದನ್ನು ಈ ವಯಸ್ಸಿನಲ್ಲಿ ನನಗೆ ಯಾವ ಟ್ಯಾಬ್ ಕಲಿಸೀತು?